ಮಕ್ಕಳ ದಿನನಿತ್ಯದ ರೂಢಿಗಳು ಹಾಗೂ ಬೌದ್ಧಿಕ ಬೆಳವಣಿಗೆ

ತರಗತಿಯಲ್ಲಿ ತೂಕಡಿಸುವ, ಕಲಿತ ಪಾಠವನ್ನು ಬೇಗನೆ ಮರೆಯುವ ಮಗುವನ್ನು ದಡ್ಡನೆಂದು ಪರಿಗಣಿಸುವುದು ಸರಿಯಲ್ಲ. ಇಂತಹ ಅನೇಕ ಮಕ್ಕಳಲ್ಲಿರುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ರಕ್ತಹೀನತೆಗೆ ಒಳಗಾಗಿದ್ದರು. ಇದಕ್ಕೆ ಕಬ್ಬಿಣಾಂಶದ ಕೊರತೆಯು ಒಂದು ಪ್ರಮುಖ ಕಾರಣವಾಗಿದೆ.

ಮೆದುಳಿಗೆ ಆಮ್ಲಜನಕ ತಲುಪಲು ಹಾಗೂ ನರತಂತುಗಳ ಹೊದಿಕೆ ರೂಪುಗೊಳ್ಳಲು ಕಬ್ಬಿಣಾಂಶವು ಅವಶ್ಯಕ. ಮೊದಲ ಎರಡು ವರ್ಷಗಳಲ್ಲಿ ಉಂಟಾದ ತೀವ್ರ ಕೊರತೆಯ ಪರಿಣಾಮವು ನಂತರದ ಚಿಕಿತ್ಸೆಯಿಂದಲೂ ಪೂರ್ಣವಾಗಿ ಸರಿಹೋಗದಿರಬಹುದು.

ಕಾರ್ಕಳ ತಾಲ್ಲೂಕಿನ ಕುಕ್ಕುಂದೂರು ಮತ್ತು ಸುತ್ತಲಿನ ಗ್ರಾಮಗಳಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ, ಹೆಸರುಕಾಳು, ಬಸಳೆ, ಬಂಗುಡೆ, ಬೂತಾಯಿ ಮೀನು ವಾಡಿಕೆಯ ಆಹಾರಗಳು. ಮಗುವಿಗೆ ಬೇಕಾದುದರಲ್ಲಿ ಬಹುಪಾಲು ಈ ಅಡುಗೆಯಲ್ಲಿಯೇ ಇದೆ. ದುಬಾರಿ ಪುಡಿ, ಟಾನಿಕ್‌ಗಳು ಅನಗತ್ಯ. ತೊಂದರೆಯಿರುವುದು ಊಟದ ಜೊತೆಗಿನ ಚಹಾದಲ್ಲಿ. ಚಹಾದ ಒಗರಿನ ಅಂಶವು ಕಾಳು, ಸೊಪ್ಪುಗಳಲ್ಲಿನ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳದಂತೆ ತಡೆಯುತ್ತದೆ. ಚಹಾ, ಬಿಸ್ಕತ್ತು ಸೇವಿಸಿ ಶಾಲೆಗೆ ಹೊರಡುವ ಮಗುವಿಗೆ ಅದರ ಬದಲು ಗಂಜಿ, ಪಲ್ಯ ನೀಡುವುದು ಉತ್ತಮ. ಜೊತೆಗೆ ನೆಲ್ಲಿಕಾಯಿ, ಪೇರಳೆ ಅಥವಾ ಲಿಂಬೆರಸವಿದ್ದಲ್ಲಿ ಕಬ್ಬಿಣಾಂಶವು ಹೆಚ್ಚಾಗಿ ದೇಹಕ್ಕೆ ಸೇರುತ್ತದೆ.

ತೇವವಿರುವ ತೋಟದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳುಗಳು ಪಾದದ ಚರ್ಮದ ಮೂಲಕ ಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಆದ್ದರಿಂದ ಚಪ್ಪಲಿ ಧರಿಸುವುದೂ ಕಲಿಕೆಗೆ ಸಂಬಂಧಿಸಿದ ರೂಢಿಯೇ ಆಗಿದೆ. ಅಂಗನವಾಡಿ, ಶಾಲೆಗಳಲ್ಲಿ ನೀಡಲಾಗುವ ಜಂತುಹುಳು ನಿವಾರಕ ಮಾತ್ರೆಯನ್ನು ತಪ್ಪಿಸಬಾರದು. 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ 5 ವರ್ಷದೊಳಗಿನವರಿಗೆ ವಾರಕ್ಕೆ ಎರಡು ಬಾರಿ ಕಬ್ಬಿಣಾಂಶದ ಸಿರಪ್ ಹಾಗೂ ನಂತರದ ವಯಸ್ಸಿನವರಿಗೆ ವಾರಕ್ಕೊಂದು ಮಾತ್ರೆ ನಿಗದಿಯಾಗಿದೆ. ಇದರಿಂದ ಮಲವು ಕಪ್ಪಾಗುವುದನ್ನು ಕಂಡು ಕೆಲವು ಪೋಷಕರು ಗಾಬರಿಯಿಂದ ಔಷಧಿಯನ್ನು ನಿಲ್ಲಿಸುವುದುಂಟು. ಈ ಬಣ್ಣವು ಹಾನಿಕರವಲ್ಲ.

ದಿನದಲ್ಲಿ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 3-4 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆಯನ್ನು ಸೂಚಿಸಿದೆ; 2ರಿಂದ 4 ವರ್ಷದವರು ಟಿ.ವಿ., ಮೊಬೈಲ್ ಪರದೆಯ ಮುಂದೆ ಕುಳಿತಿರುವ ಅವಧಿಯು 1 ಗಂಟೆ ಮೀರಬಾರದೆಂದು ತಿಳಿಸಿದೆ. ಅಪರೂಪಕ್ಕೊಮ್ಮೆ ಬಯಲಾಟ ನೋಡಲು ನಿದ್ರೆಗೆಟ್ಟರೆ ಆತಂಕಪಡಬೇಕಾಗಿಲ್ಲ. ಪ್ರತಿ ರಾತ್ರಿ ಮೊಬೈಲ್ ನೋಡುತ್ತಾ ಉಣ್ಣುವ ಮಗುವು ನಿದ್ರೆಯ ಜೊತೆಗೆ ಮನೆಯವರ ಮಾತನ್ನೂ ಕಳೆದುಕೊಳ್ಳುತ್ತದೆ. ಊಟದ ವೇಳೆ ತುಳು, ಕೊಂಕಣಿ, ಕನ್ನಡ ಹೀಗೆ ಮನೆಯ ಯಾವುದೇ ಭಾಷೆಯಲ್ಲಿ ಮಗುವಿನೊಡನೆ ಮಾತನಾಡಬಹುದು.

ಮಗುವಿನ ಕಣ್ಣಿನ ಒಳರೆಪ್ಪೆ, ಉಗುರು ಬಿಳಿಚಿಕೊಂಡಿದ್ದಲ್ಲಿ ಅಥವಾ ಮಗು ಮಣ್ಣು ತಿನ್ನುತ್ತಿದ್ದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸತಕ್ಕದ್ದು.