ಒಂದು ಎಂಜಿನ್ನಿನ ಗುಣದೋಷಗಳು

ಮನುಷ್ಯನು ನಿರ್ಮಿಸಿದ ಯಾವ ಯಂತ್ರವೂ ದೋಷರಹಿತವಲ್ಲ. ಆದರೆ ಒಳ್ಳೆಯ ಯಂತ್ರದ ದೋಷಗಳು ಅನೇಕ ವೇಳೆ ಅದರ ಗುಣಗಳ ಬೆನ್ನಿಗೇ ಅಂಟಿಕೊಂಡಿರುತ್ತವೆ. ಇಂಗ್ಲೆಂಡಿನ ಜಾಗ್ವಾರ್ ಕಾರುಗಳ ‘ಎಕ್ಸ್‌ಕೆ’ ಎಂಜಿನ್ನು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಅದು ಎರಡನೆಯ ಮಹಾಯುದ್ಧದ ಕಾಲ. ಕೊವೆಂಟ್ರಿ ನಗರವು ಬಾಂಬುಗಳ ದಾಳಿಗೆ ತುತ್ತಾಗಿತ್ತು. ಕಾರ್ಖಾನೆಗೆ ಬೆಂಕಿ ಬೀಳದಂತೆ ರಾತ್ರಿ ಕಾವಲಿರುವುದು ಅಲ್ಲಿಯ ಎಂಜಿನಿಯರುಗಳ ಪಾಲಿಗೂ ಬಂದಿತ್ತು. ಕಂಪನಿಯ ಮುಖ್ಯಸ್ಥ ವಿಲಿಯಂ ಲಯನ್ಸ್ ಮತ್ತು ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹಸನ್, ಕ್ಲಾಡ್ ಬೆಯ್ಲಿ ಇವರು ಆ ಕಾವಲಿನ ರಾತ್ರಿಗಳಲ್ಲಿ ಶಾಂತಿಕಾಲಕ್ಕೆ ಬೇಕಾಗುವ ಹೊಸ ಎಂಜಿನ್ನಿನ ವಿಷಯವನ್ನು ಚರ್ಚಿಸಿದರು. ಅದರ ಫಲವು 1948ರಲ್ಲಿ ಲಂಡನ್ನಿನ ವಾಹನ ಪ್ರದರ್ಶನದಲ್ಲಿ ‘ಎಕ್ಸ್‌ಕೆ 120’ ಎಂಬ ಕಾರಿನೊಡನೆ ಲೋಕದ ಕಣ್ಣಿಗೆ ಬಿದ್ದಿತು.

ಆ ಎಂಜಿನ್ನಿನಲ್ಲಿ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳಿದ್ದುವು. ಪ್ರತಿಯೊಂದರ ವ್ಯಾಸ 83 ಮಿಲಿಮೀಟರು; ಪಿಸ್ಟನ್ನು ಚಲಿಸುವ ದೂರ 106 ಮಿಲಿಮೀಟರು; ಒಟ್ಟು ಗಾತ್ರ 3442 ಘನ ಸೆಂಟಿಮೀಟರು; ಶಕ್ತಿ ಸುಮಾರು 160 ಅಶ್ವಶಕ್ತಿ. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ನೂ ಆ ನಿಮಿಷದಲ್ಲಿ 1060 ಮೀಟರು ದೂರವನ್ನು ಕ್ರಮಿಸುತ್ತದೆ! ಅಷ್ಟು ವೇಗದ ತಿರುಗಾಟವನ್ನು ತಾಳಿಕೊಳ್ಳಲೆಂದು ಕ್ರ್ಯಾಂಕ್ ದಂಡವನ್ನು ಏಳು ಬೇರಿಂಗುಗಳ ಮೇಲೆ ಕೂರಿಸಿದ್ದರು.

ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು ಅಂದಿನ ಸಾಮಾನ್ಯ ಕಾರುಗಳಲ್ಲಿ ಕೆಳಗಡೆ ಇರುತ್ತಿತ್ತು. ಎಕ್ಸ್‌ಕೆಯಲ್ಲಿಯಾದರೋ ಎರಡು ಕ್ಯಾಮ್ ದಂಡಗಳು ಕವಾಟಗಳ ನೆತ್ತಿಯ ಮೇಲೆಯೇ ಇದ್ದುವು. ಇದರಿಂದ ಕವಾಟಗಳು ವೇಗವಾಗಿ, ನಿಖರವಾಗಿ ತೆರೆದು ಮುಚ್ಚುತ್ತಿದ್ದುವು. ಆದರೆ ಕೆಳಗೆ ತಿರುಗುವ ಕ್ರ್ಯಾಂಕ್ ದಂಡದಿಂದ ಮೇಲಿನ ದಂಡಗಳಿಗೆ ಚಲನೆಯನ್ನು ಒಯ್ಯಲು ಎರಡು ಹಂತಗಳಲ್ಲಿ ಸರಪಳಿಗಳು ಬೇಕಾದುವು. ವರ್ಷಗಳು ಕಳೆದಂತೆ ಸರಪಳಿ ಸವೆದು ಸಡಿಲವಾಗುತ್ತದೆ. ಅದನ್ನು ಬಿಗಿಹಿಡಿಯುವ ಭಾಗವೂ ಸವೆಯುತ್ತದೆ. ಆಗ ಎಂಜಿನ್ನಿನ ಮುಂಭಾಗದಿಂದ ಕಟಕಟ ಶಬ್ದ ಕೇಳಿಬರುತ್ತದೆ. ಮೇಲಿನ ಸರಪಳಿಯನ್ನು ಬಿಗಿಗೊಳಿಸುವುದು ಸುಲಭ. ಕೆಳಗಿನದನ್ನು ಬದಲಿಸಬೇಕಾದರೆ ಎಂಜಿನ್ನಿನ ಬಹುಭಾಗವನ್ನು ಬಿಚ್ಚಬೇಕು.

ಎರಡನೆಯ ಗುಣವೆಂದರೆ ಸಿಲಿಂಡರುಗಳ ಮುಚ್ಚಳವು ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದುದು. ಅದು ಹಗುರ, ಶಾಖವನ್ನು ಬೇಗ ಸಾಗಿಸುತ್ತದೆ. ಆದರೆ ಕೆಳಗಿನ ಭಾಗವು ಎರಕದ ಕಬ್ಬಿಣ. ಈ ಎರಡು ಲೋಹಗಳ ನಡುವೆ ತಂಪುಗೊಳಿಸುವ ನೀರು ಹರಿಯುವುದರಿಂದ, ತುಕ್ಕು ತಡೆಯುವ ದ್ರವವನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅಲ್ಲದೆ, ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎಂಜಿನ್ನು ಮಿತಿಮೀರಿ ಕಾದರೆ ಮುಚ್ಚಳವು ಸೊಟ್ಟಗಾಗಿ ಬೆಸುಗೆ ತಪ್ಪುತ್ತದೆ.

ಹೆಚ್ಚಿನ ಶಕ್ತಿಗಾಗಿ 1964ರಲ್ಲಿ ಗಾತ್ರವನ್ನು 4235 ಘನ ಸೆಂಟಿಮೀಟರಿಗೆ ಏರಿಸಿದರು. ಅಗಲವಾದ ಸಿಲಿಂಡರುಗಳು ಒತ್ತೊತ್ತಾಗಿ ಕುಳಿತುದರಿಂದ ಅವುಗಳ ನಡುವಣ ಗೋಡೆ ತೆಳುವಾಯಿತು. ಹಳೆಯದಾದ ಕೆಲವು ಎಂಜಿನ್ನುಗಳಲ್ಲಿ ಅಲ್ಲಿ ಬಿರುಕುಗಳು ಕಾಣಿಸಿಕೊಂಡಿವೆ.

ಇಷ್ಟು ದೋಷಗಳಿದ್ದೂ ಎಕ್ಸ್‌ಕೆ ಎಂಜಿನ್ನಿನ ಕಾರುಗಳು ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1951, 1953, 1955, 1956, 1957 ಹೀಗೆ ಐದು ಬಾರಿ ಗೆದ್ದುವು. ಈ ಎಂಜಿನ್ನಿನ ತಯಾರಿಕೆ 1992ರವರೆಗೂ ನಡೆಯಿತು. ಇಂದಿಗೂ ಅನೇಕ ಎಂಜಿನ್ನುಗಳು ಓಡುತ್ತಿವೆ. ಸಣ್ಣ ಸದ್ದಿಗೆ ಕಿವಿಗೊಟ್ಟು, ನೀರು ಎಣ್ಣೆಗಳನ್ನು ಸಕಾಲದಲ್ಲಿ ಬದಲಿಸಿದವರ ಕೈಯಲ್ಲಿ ಅವು ಉಳಿದಿವೆ. ಯಂತ್ರವನ್ನು ಕಟ್ಟುವವನ ಜಾಣ್ಮೆಯಷ್ಟೇ ಅದನ್ನು ನಡೆಸುವವನ ಎಚ್ಚರವೂ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ.