ಸಾಲಕ್ಕಿಂತ ಸುಳ್ಳೇ ದುಬಾರಿ



ವರ್ಜೀನಿಯ, ಮೇರಿಲ್ಯಾಂಡ್ ಕಡೆ ಇರುವ ನಮಗೆ "ಕ್ಲಿಯರೆನ್ಸ್ ಇದೆಯಾ?" ಎಂಬ ಪ್ರಶ್ನೆ ಹೊಸದಲ್ಲ. ನಾವು ಬಂದ ಹೊಸತರಲ್ಲಿ ವೀಸಾ ಚಿಂತೆಯೇ ಸಾಕಾಗಿತ್ತು. ಪೌರತ್ವ ಬೇಡುವ ಈ ಕೆಲಸಗಳ ತಂಟೆಗೇ ಹೋಗುತ್ತಿರಲಿಲ್ಲ. ಈಗ ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಅರ್ಜಿ ಹಾಕುತ್ತಿದ್ದಾರೆ. ನಾನು ಗುತ್ತಿಗೆ ಕಂಪನಿಯೊಂದರಲ್ಲಿ ದುಡಿದವನೆಂದು ಅವರ ಅಪ್ಪ ಅಮ್ಮ ಮೆಲ್ಲಗೆ ಕೇಳುತ್ತಾರೆ: "ಕ್ರೆಡಿಟ್ ಕಾರ್ಡ್ ಬಾಕಿ ಇದೆ, ಬರೆಯದೇ ಬಿಟ್ಟರೆ ಆಗಲ್ವಾ?"

ಆಗುವುದಿಲ್ಲ ಸ್ವಾಮಿ. ಯಾಕೆ ಅಂತ ಹೇಳುತ್ತೇನೆ.

ಸಾಲಕ್ಕೂ ದೇಶದ ಗುಟ್ಟಿಗೂ ಏನು ಸಂಬಂಧ? ಸಿಐಎ ನೌಕರ ಆಲ್ಡ್ರಿಚ್ ಏಮ್ಸ್ ಸಾಲದಲ್ಲಿ ಮುಳುಗಿ 1985ರಲ್ಲಿ ಸೋವಿಯತ್ತರಿಗೆ ಗುಟ್ಟು ಮಾರತೊಡಗಿದ. ಸಂಬಳಕ್ಕೆ ಮೀರಿದ ಬದುಕು. 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ. ಆದರೂ ಸಿಕ್ಕಿಬಿದ್ದದ್ದು 1994ರಲ್ಲಿ. ಹಾಗಾಗಿ ತೀರಿಸದ ಸಾಲದಂತೆಯೇ ಲೆಕ್ಕ ಕೊಡಲಾಗದ ಸಿರಿಯೂ ಅನುಮಾನಕ್ಕೆ ಕಾರಣ.

2017ರಿಂದ ಜಾರಿಯಲ್ಲಿರುವ ನಿಯಮಾವಳಿಯಲ್ಲಿ 13 ಅಂಶಗಳಿವೆ. ಹಣಕಾಸು ಒಂದು, ನಡತೆ ಮತ್ತು ಪ್ರಾಮಾಣಿಕತೆ ಇನ್ನೊಂದು. ಇಷ್ಟು ಡಾಲರ್ ಸಾಲವಿದ್ದರೆ ಅನರ್ಹ ಎಂಬ ಗೆರೆ ಎಲ್ಲೂ ಇಲ್ಲ. ಸಾಲ ಯಾಕಾಯಿತು, ಆಮೇಲೆ ಏನು ಮಾಡಿದಿರಿ ಎಂಬುದೇ ಮುಖ್ಯ. ಕೆಲಸ ಹೋಯಿತು, ಕಾಯಿಲೆ ಬಂತು, ವಿಚ್ಛೇದನವಾಯಿತು ಎಂದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಸಾಲಗಾರರ ಜೊತೆ ಮಾತಾಡಿ ಕಂತು ಕಟ್ಟುತ್ತಿದ್ದರೆ ರಸೀದಿಗಳೇ ನಿಮ್ಮ ಸಾಕ್ಷಿ. ತೆರಿಗೆ ರಿಟರ್ನನ್ನೇ ಸಲ್ಲಿಸದವರಿಗೆ ಮಾತ್ರ ಕಷ್ಟ ಹೆಚ್ಚು.

ಎಸ್‌ಎಫ್-86 ಎಂಬ ನೂರಕ್ಕೂ ಹೆಚ್ಚು ಪುಟಗಳ ಪ್ರಶ್ನಾವಳಿ ಕಳೆದ ಏಳು ವರ್ಷಗಳಲ್ಲಿ 120 ದಿನ ಮೀರಿ ಬಾಕಿ ಬಿದ್ದ ಸಾಲವನ್ನು ಕೇಳುತ್ತದೆ. ನೀವು ಜಾಮೀನು ನಿಂತ ಸಾಲವೂ ಅದರಲ್ಲಿ ಸೇರುತ್ತದೆ! ಗೆಳೆಯರ ಮಾತಿಗೆ ಕಟ್ಟುಬಿದ್ದು ಸಹಿ ಹಾಕುವ ನಮ್ಮವರು ಇದನ್ನು ಗಮನಿಸಬೇಕು. ಅಜ್ಜ ಮೈಸೂರಿನಲ್ಲಿ ಮೊಮ್ಮಗನ ಹೆಸರಿಗೆ ಮಾಡಿಟ್ಟ ಸೈಟನ್ನೂ ವಿದೇಶಿ ಆಸ್ತಿಯ ಪ್ರಶ್ನೆಯ ಕೆಳಗೆ ಬರೆಯಬೇಕು.

ಮುಚ್ಚಿಟ್ಟರೆ? ತನಿಖೆಯವರು ಕ್ರೆಡಿಟ್ ರಿಪೋರ್ಟ್ ತರಿಸಿಯೇ ತರಿಸುತ್ತಾರೆ. ಕೆಲಸ ಸಿಕ್ಕಮೇಲೂ ದಾಖಲೆಗಳ ಪರಿಶೀಲನೆ ನಿಲ್ಲುವುದಿಲ್ಲ. ಸಾಲ ಸಿಕ್ಕಿಬಿದ್ದ ಮೇಲೆ ಪ್ರಶ್ನೆ ಹಣದ್ದಾಗಿ ಉಳಿಯುವುದಿಲ್ಲ, ನಂಬಿಕೆಯದ್ದಾಗುತ್ತದೆ. ಸಾಲವನ್ನು ಎರಡು ವರ್ಷದಲ್ಲಿ ತೀರಿಸಬಹುದು. ಸಹಿ ಹಾಕಿ ಹೇಳಿದ ಸುಳ್ಳನ್ನು ಯಾವ ಕಂತಿನಲ್ಲಿ ತೀರಿಸುವುದು? ಬೇಕೆಂದೇ ಸುಳ್ಳು ಬರೆಯುವುದು ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ ಕೂಡ. ಮರೆತು ಬಿಟ್ಟಿದ್ದರೆ, ಅವರು ಎತ್ತಿ ತೋರಿಸುವ ಮೊದಲು ನಾವೇ ತಿದ್ದಿದರೆ ಅದು ನಮ್ಮ ಪರವಾಗಿ ನಿಲ್ಲುತ್ತದೆ.

ನನ್ನ ಪರಿಚಯದ ಹುಡುಗಿಯೊಬ್ಬಳು ಆಸ್ಪತ್ರೆ ಬಿಲ್ಲಿನ ಬಾಕಿಯನ್ನು ಇದ್ದದ್ದು ಇದ್ದ ಹಾಗೆ ಬರೆದು, ಕಂತಿನ ಪತ್ರ ಲಗತ್ತಿಸಿದಳು. ತಡವಾಯಿತು, ಆದರೆ ಕ್ಲಿಯರೆನ್ಸ್ ಬಂತು.

ನಮ್ಮಲ್ಲಿ ಸಾಲದ ಮಾತು ಮನೆಯ ಹೊಸಿಲು ದಾಟಬಾರದು ಎಂಬ ಮರ್ಯಾದೆಯ ಪ್ರಶ್ನೆ ಇದೆ. ಮಕ್ಕಳು ಅದನ್ನೇ ಕಲಿತು ಫಾರ್ಮಿನಲ್ಲೂ ಮುಚ್ಚಿಡುತ್ತಾರೆ. ಅರ್ಜಿಗೆ ಮೊದಲೇ ಜೊತೆಗೆ ಕೂತು ಕ್ರೆಡಿಟ್ ರಿಪೋರ್ಟ್ ತರಿಸಿ ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ತೊಡಕು ದೊಡ್ಡದಿದ್ದರೆ ಈ ವಿಷಯ ಬಲ್ಲ ವಕೀಲರನ್ನು ಕಾಣಿ, ನಾನು ವಕೀಲನಲ್ಲ.