ಹಳೆಯ ಸೈಕಲ್ಲಿನ ಚೈನು
ಕಂಬಿ ಬ್ರೇಕಿನ ಹಳೆಯ ಸೈಕಲ್ಲುಗಳಲ್ಲಿ ಚೈನು ಜೋತುಬಿದ್ದರೆ ಅದು ಹಿಗ್ಗಿತೆಂದು ಹೇಳುವುದು ವಾಡಿಕೆಯಾದರೂ, ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳನ್ನು ಬೆಸೆಯುವ ಪಿನ್ನುಗಳೂ ಅವುಗಳನ್ನು ಸುತ್ತುವರಿದ ಬುಷ್ ಎಂಬ ಪುಟ್ಟ ಕೊಳವೆಗಳೂ ದೂಳು ಬೆರೆತ ಎಣ್ಣೆಯಲ್ಲಿ ಉಜ್ಜಿ ಸವೆಯುವುದರಿಂದ ಕೊಂಡಿ ಕೊಂಡಿಯಲ್ಲೂ ಸಡಿಲ ಸೇರುತ್ತ ಹೋಗುತ್ತದೆ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರುವುದರಿಂದ, ಅಳತೆಪಟ್ಟಿ ಹಿಡಿದಾಗ 1/16 ಅಂಗುಲ ಹೆಚ್ಚು ಕಂಡರೆ ಅದನ್ನು ಬದಲಿಸುವುದು ಲೇಸು. 1/8 ಅಂಗುಲದವರೆಗೆ ಕಾದರೆ ಹಿಂಬದಿಯ ಫ್ರೀವೀಲಿನ ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚಾಗಿದ್ದು, ಹೊಸ ಚೈನು ಅವುಗಳ ಮೇಲೆ ಜಿಗಿಯತೊಡಗುತ್ತದೆ. ಎಣ್ಣೆ ಸುರಿದು ಒರೆಸದೆ ಬಿಡುವ ಅಭ್ಯಾಸವಂತೂ ದೂಳಿಗೆ ಕೊಟ್ಟ ಆಹ್ವಾನವೇ ಸರಿ. ಚೈನು ಸರಿಯಿದ್ದೂ ಪೆಡಲು ಸುತ್ತಿಗೊಮ್ಮೆ ಕಟಕ್ಕೆಂದರೆ, ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆಯಂಥ ಕಾಟರ್ ಪಿನ್ನು ಸಡಿಲಗೊಂಡಿದೆಯೇ ಎಂದು ಮೊದಲು ನೋಡಬೇಕು. ಅಗ್ಗದ ಈ ತುಂಡನ್ನು ಅಲಕ್ಷಿಸಿ ತುಳಿಯುತ್ತಲೇ ಇದ್ದರೆ ಅಚ್ಚೂ ಕ್ರ್ಯಾಂಕೂ ಕೆಡುತ್ತವೆ.